ಬೂದಿಬಣ್ಣದ ಉಪ್ಪು

"ಬುದ್ಧಿ, ತಮ್ಮ ಹತ್ತಿರ ಇದ್ದು ಇದ್ದು ಉಳಿದವರೆಲ್ಲ ನನಗೆ ಮಂಕಾಗಿ ಕಾಣುತ್ತಿದ್ದಾರೆ. ಇದು ವಿವೇಕವೋ, ದೋಷವೋ?"

ಬೆಟ್ಟದ ಮಠದ ಗುರುಗಳನ್ನು ಅವರ ಶಿಷ್ಯ ರೇವಣ ಒಂದು ಬೆಳಿಗ್ಗೆ ಹೀಗೆ ಕೇಳಿದ. ಕೇಳುವುದಕ್ಕೆ ಕಾರಣವಿತ್ತು. ಹಿಂದಿನ ಸಂಜೆ ಊರಿನಿಂದ ಅವನ ಅಣ್ಣ ಬಂದಿದ್ದ. ಊರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು, ತಂದೆಯಿಲ್ಲದ ಮನೆಯಲ್ಲಿ ರೇವಣನನ್ನು ಓದಿಸಿದವನು ಅವನೇ. ಈಗ ಅವನಿಗೆ ಮಗಳು ಹುಟ್ಟಿದ್ದಳು. ಹೆಸರಿಡುವ ದಿನ ತಮ್ಮ ಬಂದು ತೊಟ್ಟಿಲ ಬಳಿ ನಿಲ್ಲಬೇಕು ಎಂದು ಕರೆಯಲು ಬಂದಿದ್ದ. ರೇವಣ ಅವನೊಡನೆ ತುಸು ಹೊತ್ತು ಕುಳಿತ. ಅಣ್ಣನ ಮಾತೆಲ್ಲ ಟಯರು, ಟ್ಯೂಬು, ನೆಂಟರ ಜಗಳ. ಅಂದು ಬೆಳಗ್ಗೆ ಗುರುಗಳ ಬಾಯಲ್ಲಿ ಕೇಳಿದ ಮಾತನ್ನು ಸಂಜೆ ಅಣ್ಣನ ಬಾಯಲ್ಲಿ ಕೇಳಿದ ಮಾತಿನ ಪಕ್ಕ ಇಟ್ಟು ನೋಡಿದ ರೇವಣನಿಗೆ ಬೇಸರವಾಯಿತು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಪಾಠವಿದೆ ಎಂದು ಎದ್ದು ಬಂದ. ಅಣ್ಣ ಪ್ರಸಾದ ಮಾಡಿ ಪಡಸಾಲೆಯಲ್ಲಿ ಮಲಗಿದ. ಬೆಳಗಿನ ಬಸ್ಸಿಗೆ ಅವನು ಹೊರಡುವವನಿದ್ದ.

ಗುರುಗಳು ಕುಳಿತುಕೊಳ್ಳಲು ಹೇಳಿ, ಈ ಕತೆ ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಕ್ಯಾಮೆರಾದೊಳಗೆ ಬಣ್ಣದ ರೀಲು ಹಾಕಿ ಫೋಟೋ ತೆಗೆಯುತ್ತಿದ್ದ ಕಾಲ. ರೀಲಿನ ಮೇಲೆ ಎಷ್ಟು ಬೆಳಕು ಬೀಳಬೇಕೆಂದು ತೆಗೆಯುವವನೇ ಮೊದಲು ತೀರ್ಮಾನಿಸಬೇಕಿತ್ತು. ಅದಕ್ಕೆಂದು ಅವನ ಹತ್ತಿರ ಒಂದು ಮೀಟರು ಇತ್ತು. ಮುಷ್ಟಿಯಲ್ಲಿ ಹಿಡಿಸುವಷ್ಟು ಸಣ್ಣದು. ಅದನ್ನು ಯಾವುದರ ಕಡೆಗೆ ಹಿಡಿದರೂ ಅಲ್ಲಿಂದ ಬರುವ ಬೆಳಕನ್ನು ಅಳೆದು, ಅದರ ಮುಳ್ಳು ಒಂದು ಅಂಕಿಯ ಮೇಲೆ ನಿಲ್ಲುತ್ತಿತ್ತು. ಅಂಕಿ ಹೇಳಿದಷ್ಟು ಲೆನ್ಸಿನ ಕಿಂಡಿ ತೆರೆದರೆ ಆಯಿತು. ಮದುವೆಯ ಚಪ್ಪರದಲ್ಲಾಗಲಿ, ಶಾಲೆಯ ಅಂಗಳದಲ್ಲಾಗಲಿ ಆ ಮುಳ್ಳು ಅವನಿಗೆ ಮೋಸ ಮಾಡಿರಲಿಲ್ಲ. ತನ್ನ ಕಣ್ಣನ್ನು ಬೇಕಾದರೆ ಅನುಮಾನಿಸುತ್ತಿದ್ದ, ಮುಳ್ಳನ್ನು ಅನುಮಾನಿಸುತ್ತಿರಲಿಲ್ಲ.

ಒಂದು ದಿನ ಅವನ ಸ್ಟುಡಿಯೋಕ್ಕೆ ಒಬ್ಬ ಮುದುಕ ಬಂದ. ಊರಾಚೆಯ ಉಪ್ಪಿನ ಆಗರದಲ್ಲಿ ದುಡಿಯುವವನು. ಕಡಲಿನ ನೀರನ್ನು ಗದ್ದೆಗಳಿಗೆ ಬಿಟ್ಟು, ಬಿಸಿಲಿಗೆ ಆರಿಸಿ, ಉಪ್ಪು ಮಾಡುವ ಜಾಗ ಅದು. ಮುದುಕ ಬಾಗಿಲ ಚೌಕಟ್ಟನ್ನು ಕೈಯಿಂದ ತಡವಿಕೊಂಡು ಒಳಗೆ ಬಂದ. ಅವನಿಗೆ ಹೆಂಡತಿಯ ಮುಖದ ಫೋಟೋ ಬೇಕಾಗಿತ್ತು.

ಹುಡುಗನಾಗಿದ್ದಾಗಿನಿಂದ ಬಿಳಿ ಉಪ್ಪಿನ ಮೇಲೆ ಬಿದ್ದ ಬಿಸಿಲನ್ನು ನೋಡಿ ನೋಡಿ ಅವನ ಕಣ್ಣು ಸವೆದಿತ್ತು. ಮುಖದ ಹತ್ತಿರ ಹಿಡಿದದ್ದು ಮಾತ್ರ ಇನ್ನೂ ಕಾಣುತ್ತಿತ್ತು. ಅದೂ ಹೆಚ್ಚು ಕಾಲ ಕಾಣುವುದಿಲ್ಲ, ಇದಕ್ಕೆ ಆಪರೇಷನ್ನೂ ಇಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿ ಕಳಿಸಿದ್ದರು. ಆಸ್ಪತ್ರೆಯಿಂದ ಮನೆಗೆ ನಡೆದು ಬರುವಾಗ ಮುದುಕನಿಗೆ ಒಂದು ವಿಷಯ ಹೊಳೆದಿತ್ತು. ಹೆಂಡತಿಯ ಮುಖವನ್ನು ನೆನೆಸಿಕೊಳ್ಳಲು ಹೋದರೆ ಅದು ನೆನಪಿಗೆ ಬರಲಿಲ್ಲ. ಬೆಳಕು ಹರಿಯುವ ಮೊದಲೇ ಇಬ್ಬರೂ ಆಗರಕ್ಕೆ ಇಳಿಯುತ್ತಿದ್ದರು, ಕತ್ತಲಾದ ಮೇಲೆ ಮನೆಗೆ ಮರಳುತ್ತಿದ್ದರು. ಮಳೆಗಾಲದಲ್ಲಿ ಅವನು ಘಟ್ಟದ ಮೇಲೆ ಕೂಲಿಗೆ ಹೋಗುತ್ತಿದ್ದ, ಅವಳು ಇಲ್ಲೇ ಉಳಿಯುತ್ತಿದ್ದಳು. ಇಷ್ಟು ವರ್ಷ ಅವಳನ್ನು ಕಂಡದ್ದೆಲ್ಲ ಹಗಲಿನಲ್ಲಿ, ಕಣ್ಣು ಕುಕ್ಕುವ ಉಪ್ಪಿನ ನಡುವೆ.

ಅಜ್ಜಿ ಮನೆಯಲ್ಲೇ ಇದ್ದಾರಲ್ಲ, ಎದುರಿಗೆ ಕೂರಿಸಿಕೊಂಡು ಕಣ್ಣು ತುಂಬ ನೋಡಬಾರದೇ ಎಂದು ಫೋಟೋಗ್ರಾಫರ್ ನಕ್ಕ.

"ನೋಡಿದರೆ ಮುಖ ತಿರುಗಿಸುತ್ತಾಳೆ ಮಾರಾಯ," ಎಂದ ಮುದುಕ. "ಈ ವಯಸ್ಸಿನಲ್ಲಿ ಇದೇನು ಆಟ, ಜನ ಕಂಡರೆ ನಗುತ್ತಾರೆ ಅನ್ನುತ್ತಾಳೆ. ಫೋಟೋ ಆದರೆ ಮುಖ ತಿರುಗಿಸುವುದಿಲ್ಲವಲ್ಲ."

ಸ್ಟುಡಿಯೋದ ಪರದೆಯ ಮುಂದೆ ನಿಂತರೆ ಅವಳು ಅವಳಾಗುವುದಿಲ್ಲ, ಆಗರದಲ್ಲೇ ತೆಗೆಯಬೇಕು ಎಂಬುದು ಅವನ ಇನ್ನೊಂದು ಮಾತು. ಅದಕ್ಕೂ ಅವಸರವಿತ್ತು. ಒಂದು ಮಳೆ ಬಿದ್ದರೆ ಉಪ್ಪು ಕರಗಿ ಆಗರ ಬರೀ ಕೆಸರಾಗುತ್ತದೆ. ಮತ್ತೆ ಉಪ್ಪು ಕಾಣಬೇಕಾದರೆ ಮುಂದಿನ ಬೇಸಿಗೆ ಬರಬೇಕು. ಮುದುಕನ ಕಣ್ಣು ಅಲ್ಲಿಯವರೆಗೆ ಕಾಯುವಂತಿರಲಿಲ್ಲ.

ಫೋಟೋಗ್ರಾಫರ್ ಆಗರಕ್ಕೆ ಹೋದ. ಆಗರದೊಳಗೆ ಮೆಟ್ಟು ಹಾಕಿಕೊಂಡು ಇಳಿಯುವ ಹಾಗಿಲ್ಲ. ಅನ್ನಕ್ಕೆ ಬೀಳುವ ಉಪ್ಪು ಎಂದು ಅಲ್ಲಿಯವರು ಅದನ್ನು ಬರಿಗಾಲಲ್ಲಿ ಮಾತ್ರ ತುಳಿಯುತ್ತಾರೆ. ಅವನಿಗೆ ಬೂಟು ಕಳಚುವ ಮನಸ್ಸಾಗಲಿಲ್ಲ. ಬದುವಿನ ಮೇಲೆ ನಿಂತ. ಅಜ್ಜಿ ಉಪ್ಪು ಎಳೆಯುವ ಉದ್ದ ಹಿಡಿಯ ಹಲಗೆಯನ್ನು ಕೈಯಲ್ಲಿ ಹಿಡಿದು ಉಪ್ಪಿನ ರಾಶಿಗಳ ನಡುವೆ ನಿಂತಳು. ಮೀಟರಿನ ಮುಳ್ಳು ಎಂದೂ ಹೋಗದಷ್ಟು ಮೇಲಕ್ಕೆ ಹೋಯಿತು. ಇಷ್ಟೊಂದು ಬೆಳಕು ಎಂದುಕೊಂಡು, ಅದು ಹೇಳಿದ ಹಾಗೆ ಕಿಂಡಿಯನ್ನು ಸೂಜಿಯ ಕಣ್ಣಿನಷ್ಟು ಕಿರಿದು ಮಾಡಿ ತೆಗೆದ.

ಲ್ಯಾಬಿನಿಂದ ಬಂದ ಫೋಟೋದಲ್ಲಿ ಅಜ್ಜಿಗೆ ಮುಖವಿರಲಿಲ್ಲ. ಹಲಗೆ ಹಿಡಿದ ಒಂದು ಕಪ್ಪು ಆಕಾರ ನಿಂತಿತ್ತು. ಇನ್ನೂ ಸೋಜಿಗದ ಸಂಗತಿಯೆಂದರೆ, ಉಪ್ಪು ಕೂಡ ಬೆಳ್ಳಗಿರಲಿಲ್ಲ. ಒಲೆಯಿಂದ ಬಾಚಿ ತೆಗೆದ ಬೂದಿಯ ಹಾಗೆ ಇತ್ತು.

ಅವನು ದೋಷ ಹುಡುಕತೊಡಗಿದ. ರೀಲು ಎಷ್ಟು ಬೇಗ ಬೆಳಕು ಹಿಡಿಯುತ್ತದೆ ಎನ್ನುವ ವೇಗದ ಅಂಕಿಯನ್ನು ಮೀಟರಿನಲ್ಲಿ ತಪ್ಪಾಗಿ ಇಟ್ಟಿದ್ದೇನೋ ಎಂದು ನೋಡಿದ. ಸರಿಯಾಗಿತ್ತು. ಸೆಲ್ಲು ಬದಲಿಸಿದ. ರೀಲು ಹಳೆಯದಿರಬಹುದೆಂದು ಹೊಸದು ತಂದ. ಲ್ಯಾಬಿನವನು ನೆಗೆಟಿವನ್ನು ದೀಪಕ್ಕೆ ಹಿಡಿದು, ಇದರಲ್ಲಿ ಏನೂ ಇಲ್ಲ ಸ್ವಾಮಿ, ಈರುಳ್ಳಿ ಸಿಪ್ಪೆಯ ಹಾಗಿದೆ, ಬಾರದ ಬೆಳಕನ್ನು ನಾನೆಲ್ಲಿಂದ ತರಲಿ ಎಂದ. ರಿಪೇರಿಯವನು ಮೀಟರನ್ನು ಇನ್ನೊಂದು ಮೀಟರಿನ ಪಕ್ಕ ಇಟ್ಟು ಪರೀಕ್ಷಿಸಿ, ಇದು ಗಟ್ಟಿಮುಟ್ಟಾಗಿದೆ, ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳಿದ. ಅವನು ಮತ್ತೆ ಆಗರಕ್ಕೆ ಹೋದ. ಅದೇ ಬದುವಿನ ಮೇಲೆ ನಿಂತು, ಹೊಸ ರೀಲಿನಲ್ಲಿ, ಮುಳ್ಳು ಹೇಳಿದ ಹಾಗೆಯೇ ತೆಗೆದ. ಮತ್ತೆ ಅದೇ ಕಪ್ಪು, ಅದೇ ಬೂದಿ.

ಕಡೆಗೆ ಅವುಗಳಲ್ಲೇ ಒಂದನ್ನು ಹಿಡಿದುಕೊಂಡು, ನನ್ನಿಂದಾಗಲಿಲ್ಲ ಎಂದು ಹೇಳಿಬಿಡಲು ಮುದುಕನ ಗುಡಿಸಲಿಗೆ ಹೋದ. ಅವನು ಬಾಯಿ ತೆರೆಯುವ ಮೊದಲೇ ಮುದುಕ ಫೋಟೋ ಇಸಿದುಕೊಂಡ. ಸೂರಿನ ನೆರಳಿನಲ್ಲಿ ಕುಳಿತು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದ. ಅಜ್ಜಿ ಹಿಂದಿನಿಂದ ಬಗ್ಗಿ ನೋಡಿ, ಇದು ನಾನೋ, ನನ್ನ ನೆರಳೋ ಎಂದು ನಕ್ಕಳು.

ಮುದುಕ ನಗಲಿಲ್ಲ.

"ಸರಿಯಾಗಿಯೇ ಬಂದಿದೆ," ಎಂದ. "ನಾನು ಇವಳನ್ನು ಕಂಡದ್ದು ಹೀಗೆಯೇ."

ಫೋಟೋಗ್ರಾಫರ್ ಸುಮ್ಮನಿದ್ದರೆ ಕೆಲಸ ಅಲ್ಲಿಗೆ ಮುಗಿದಿತ್ತು. ತೆಗೆಸಿದವನಿಗೆ ತೃಪ್ತಿ, ಕೇಳುವವರು ಯಾರೂ ಇಲ್ಲ. ಆದರೆ ಮುದುಕ ಆ ಕಪ್ಪು ಆಕಾರವನ್ನು ಅಂಗಿಯ ಮೇಲೆ ಒರೆಸಿ ಒರೆಸಿ ಮತ್ತೆ ನೋಡುತ್ತಿದ್ದ. ಅದನ್ನು ನೋಡಲಾರದೆ ಫೋಟೋಗ್ರಾಫರ್, ಇನ್ನೊಂದು ತೆಗೆಯುತ್ತೇನೆ ಅಜ್ಜ, ಇದು ಅಳತೆ ನೋಡಲು ತೆಗೆದದ್ದು ಎಂದು ಹೇಳಿ ಹೊರಗೆ ಬಂದ. ಕಡಲಿನ ಮೇಲೆ ಮೋಡ ಸೇರಲು ಶುರುವಾಗಿತ್ತು.

ಬದುವಿನ ಮೇಲೆ ನಡೆಯುತ್ತಾ ಅವನು ಯೋಚಿಸಿದ. ಮುದುಕನ ಕಣ್ಣು ಕಂಡದ್ದನ್ನೇ ನನ್ನ ಮೀಟರೂ ಕಂಡಿತು. ಮುದುಕನ ಕಣ್ಣು ಕೆಟ್ಟಿದೆ, ನನ್ನ ಮೀಟರು ಕೆಟ್ಟಿಲ್ಲ. ಕೆಟ್ಟದ್ದೂ ಕೆಡದದ್ದೂ ಒಂದನ್ನೇ ಕಂಡವು ಎಂದಾದರೆ ಈ ದೋಷ ಕಣ್ಣಿನಲ್ಲೂ ಇಲ್ಲ, ಮೀಟರಿನಲ್ಲೂ ಇಲ್ಲ. ಇಬ್ಬರೂ ಏನನ್ನು ನೋಡಿದರು ಎನ್ನುವುದರಲ್ಲಿ ಇರಬೇಕು.

ಅಲ್ಲೇ ನಿಂತು ಒಂದು ಪರೀಕ್ಷೆ ಮಾಡಿದ. ಬದುವಿಗೆ ತಾಗಿದ್ದ ಉಪ್ಪಿನ ಒಂದು ರಾಶಿಯ ಮೇಲೆ ಬಗ್ಗಿ, ಬೇರೇನೂ ಕಾಣದ ಹಾಗೆ ಬರೀ ಉಪ್ಪನ್ನು, ಮುಳ್ಳು ಹೇಳಿದಂತೆ ತೆಗೆದ. ಆಮೇಲೆ ತನ್ನ ಕಪ್ಪು ಕೊಡೆಯನ್ನು ಬಿಚ್ಚಿ ನೆಲದ ಮೇಲಿಟ್ಟು, ಬರೀ ಕೊಡೆಯ ಬಟ್ಟೆಯನ್ನು, ಅದನ್ನೂ ಮುಳ್ಳು ಹೇಳಿದಂತೆ ತೆಗೆದ. ಏನನ್ನೂ ತಿದ್ದಬೇಡ, ಬಂದದ್ದು ಬಂದ ಹಾಗೆ ಪ್ರಿಂಟ್ ಹಾಕು ಎಂದು ಲ್ಯಾಬಿನವನಿಗೆ ಹೇಳಿದ. ಲ್ಯಾಬಿನವನು ಎರಡು ಫೋಟೋಗಳನ್ನು ಅವನ ಮುಂದೆ ಇಟ್ಟು, ಸಿಮೆಂಟ್ ಗೋಡೆಯ ಫೋಟೋ ಯಾರಿಗೆ ಬೇಕಾಗಿತ್ತು, ಅದೂ ಎರಡೆರಡು ಎಂದ.

ಫೋಟೋಗ್ರಾಫರ್ ಅವನ್ನು ಅಕ್ಕಪಕ್ಕ ಇಟ್ಟು ನೋಡಿದ. ಉಪ್ಪು ಯಾವುದು, ಕೊಡೆ ಯಾವುದು ಎಂದು ಬಣ್ಣದಿಂದ ಹೇಳುವಂತಿರಲಿಲ್ಲ. ಬಿಳಿಯೂ ಬೂದಿಯಾಗಿತ್ತು, ಕಪ್ಪೂ ಬೂದಿಯಾಗಿತ್ತು. ಇಷ್ಟು ಕಾಲ ತಾನು ಕಣ್ಣುಮುಚ್ಚಿ ನಂಬಿದ್ದ ಮುಳ್ಳಿಗೆ ಗೊತ್ತಿದ್ದದ್ದು ಅದೊಂದೇ ಬಣ್ಣ. ಯಾವುದನ್ನು ತೋರಿಸಿದರೂ, ಇದು ಬೂದಿ ಎಂದುಕೊಂಡೇ ಅದು ಅಳತೆ ಹೇಳುತ್ತಿತ್ತು. ಅಷ್ಟು ಬಿಳಿಯ ಉಪ್ಪನ್ನು ತೋರಿಸಿದಾಗ, ಇಷ್ಟು ಹೊಳೆಯುವ ಬೂದಿಗೆ ಬೆಳಕು ಹೆಚ್ಚಾಯಿತು, ಕಿಂಡಿ ಮುಚ್ಚು ಎಂದಿತ್ತು. ಉಪ್ಪು ಬೂದಿಗೆ ಇಳಿದಾಗ, ಉಪ್ಪಿನ ನಡುವೆ ನಿಂತ ಮುಖ ಕತ್ತಲೆಗೆ ಇಳಿದಿತ್ತು. ಮೀಟರು ಸುಳ್ಳು ಹೇಳಿರಲಿಲ್ಲ. ಅವನು ಕೇಳಿದ್ದು ಉಪ್ಪಿನ ವಿಷಯ, ಅದು ಹೇಳಿದ್ದೂ ಉಪ್ಪಿನ ವಿಷಯ. ಮುಖದ ವಿಷಯ ಅವನು ಕೇಳಿರಲೇ ಇಲ್ಲ.

ಮರುದಿನ ಬಿಸಿಲಿತ್ತು, ಆದರೆ ಗಾಳಿ ತಣ್ಣಗೆ ಬೀಸುತ್ತಿತ್ತು. ಆಗರದ ಜನ ರಾಶಿಗಳ ಮೇಲೆ ತೆಂಗಿನ ಗರಿಯ ಮಡಲು ಹೊದಿಸಲು ಶುರುಮಾಡಿದ್ದರು. ಫೋಟೋಗ್ರಾಫರ್ ಬದುವಿನ ಮೇಲೆ ಬೂಟು ಕಳಚಿಟ್ಟು ಬರಿಗಾಲಲ್ಲಿ ಇಳಿದ. ಉಪ್ಪುನೀರು ಬೆರಳ ಸಂದಿಯಲ್ಲಿ ಚುರುಗುಟ್ಟಿತು. ಅಜ್ಜಿಯ ಹತ್ತಿರ ಹೋಗಿ ಮೀಟರನ್ನು ಅವಳ ಮುಖದ ಮುಂದೆ ಹಿಡಿದ. ಅವಳು ಸೆರಗು ಎಳೆದುಕೊಂಡು ಮುಖ ತಿರುಗಿಸಿದಳು. ಗಂಡನಿಗೇ ತೋರಿಸದ ಮುಖವನ್ನು ಯಂತ್ರಕ್ಕೆ ತೋರಿಸುತ್ತಾಳೆಯೇ ಎಂದು ಮಡಲು ಹೊದಿಸುತ್ತಿದ್ದ ಹೆಂಗಸರು ನಕ್ಕರು.

ಅವನಿಗೆ ಬೇರೆ ದಾರಿ ಇರಲಿಲ್ಲ. ಅವಳ ಪಕ್ಕದಲ್ಲಿ, ಅವಳು ನಿಂತ ಹಾಗೆಯೇ, ಅವಳು ನೋಡುವ ಕಡೆಗೇ ನಿಂತುಕೊಂಡ. ತನ್ನ ಅಂಗೈಯನ್ನು ಅವಳ ಮುಖದ ಎತ್ತರಕ್ಕೆ ಹಿಡಿದ. ಅವಳ ಮುಖಕ್ಕೆ ಬೀಳುವ ಬೆಳಕು ತನ್ನ ಅಂಗೈಗೂ ಬೀಳಲಿ, ಅದನ್ನೇ ಅಳೆಯುತ್ತೇನೆ ಎಂಬುದು ಅವನ ಲೆಕ್ಕ.

ಮುಂದಕ್ಕೆ ಬಾಗಿ ಅಂಗೈಯನ್ನು ನೋಡಿದಾಗ ಅವನು ಅದನ್ನು ಕಂಡ.

ಸೂರ್ಯ ಬೆನ್ನ ಹಿಂದೆ ಇದ್ದ. ಅಂಗೈ ಕತ್ತಲಾಗಿ ಇರಬೇಕಾಗಿತ್ತು. ಇರಲಿಲ್ಲ. ಕೆಳಗಿನಿಂದ ಬೆಳಕು ಎದ್ದು ಬರುತ್ತಿತ್ತು. ಅಂಗೈಯ ಪ್ರತಿ ಗೆರೆಯೂ ಕಾಣುತ್ತಿತ್ತು. ಪಕ್ಕದಲ್ಲಿ ಅಜ್ಜಿಯ ಗಲ್ಲ, ಮೂಗುಬಟ್ಟು, ರೆಪ್ಪೆಯ ಕೆಳಭಾಗ ಎಲ್ಲವೂ ಅದೇ ಬೆಳಕಿನಲ್ಲಿ ಇದ್ದವು. ಉಪ್ಪಿನಿಂದ ಏಳುತ್ತಿದ್ದ ಬೆಳಕು ಅದು. ಯಾವ ಉಪ್ಪು ಅವಳ ಮುಖವನ್ನು ಕಪ್ಪು ಮಾಡಿತು ಎಂದುಕೊಂಡಿದ್ದನೋ, ಅದೇ ಉಪ್ಪು ಅಷ್ಟು ವರ್ಷವೂ ಅವಳ ಮುಖವನ್ನು ಬೆಳಗುತ್ತ ಇತ್ತು. ಬದುವಿನ ಮೇಲೆ ನಿಂತವನಿಗೆ ಅದು ತಿಳಿಯುವಂತಿರಲಿಲ್ಲ. ಅವನು ಅಳೆಯುವುದನ್ನು ಮರೆತು ತನ್ನ ಕೈಯನ್ನೇ ನೋಡುತ್ತ ನಿಂತ. ಕೈ ನೋಯುತ್ತದೆಯೇ ಎಂದು ಅಜ್ಜಿ ಕೇಳಿದಳು.

ಅವನು ಅಂಗೈಯನ್ನು ಅಳೆದ. ಅಂಗೈ ಬೂದಿಗಿಂತ ತುಸು ಬೆಳ್ಳಗೆ ಇರುತ್ತದೆ ಎಂದು ಕಿಂಡಿಯನ್ನು ಇನ್ನೂ ಒಂದು ಹೆಜ್ಜೆ ತೆರೆದ. ಹಿಂದೆ ಸರಿದು ನಿಂತಾಗ, ಹಳೆಯ ಅಭ್ಯಾಸದಿಂದ ಮೀಟರನ್ನು ಅವಳ ಕಡೆಗೆ ಹಿಡಿದ. ಮುಳ್ಳು ಮತ್ತೆ ತುದಿಗೆ ಹಾರಿ, ಮುಚ್ಚು ಮುಚ್ಚು ಎಂದು ನಡುಗಿತು. ಇಷ್ಟು ತೆರೆದರೆ ಎಲ್ಲ ಬೆಳ್ಳಗೆ ಸುಟ್ಟುಹೋದೀತೇ ಎಂದು ಅವನ ಬೆರಳೂ ಕಿಂಡಿಯ ಕಡೆಗೆ ಹೋಯಿತು. ಬಣ್ಣದ ರೀಲು ಹೆಚ್ಚಾದ ಬೆಳಕನ್ನು ಹೇಗೋ ತಾಳಿಕೊಳ್ಳುತ್ತದೆ. ಬಾರದೆ ಹೋದ ಬೆಳಕನ್ನು ಮಾತ್ರ ಯಾವ ಲ್ಯಾಬೂ ತಂದುಕೊಡಲಾರದು. ಅದನ್ನು ನೆನೆದು ಮೀಟರನ್ನು ಜೇಬಿಗೆ ಹಾಕಿಕೊಂಡ. ಮುಳ್ಳಿನ ಮಾತು ಮೀರಿ ಅವನು ಫೋಟೋ ತೆಗೆದದ್ದು ಅದೇ ಮೊದಲು.

ಲ್ಯಾಬಿನವನು ಈ ಸಲ ತಮಾಷೆ ಮಾಡಲಿಲ್ಲ. ಫೋಟೋವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದು ಕೊಟ್ಟ. ಅಜ್ಜಿಯ ಮುಖ ಅದರದೇ ಬಣ್ಣದಲ್ಲಿ ಇತ್ತು, ಹದವಾಗಿ ಕಾದ ಮಣ್ಣಿನ ಬಣ್ಣ. ಕಣ್ಣಿನೊಳಗೆ ಉಪ್ಪಿನ ರಾಶಿಯ ಸಣ್ಣ ಬಿಂಬ ಸಹ ಇತ್ತು. ಫೋಟೋಗ್ರಾಫರ್ ಮುಖದಿಂದ ಕಣ್ಣು ತೆಗೆದು ಉಪ್ಪನ್ನು ನೋಡಿದ. ಅವನು ಉಪ್ಪಿಗಾಗಿ ಏನೂ ಮಾಡಿರಲಿಲ್ಲ, ಅದರ ಅಳತೆಯನ್ನು ಕೇಳಿಯೂ ಇರಲಿಲ್ಲ. ಆದರೆ ಉಪ್ಪು ಬೆಳ್ಳಗಿತ್ತು. ಹರಳು ಹರಳಾಗಿ ಬೆಳ್ಳಗಿತ್ತು.

ಅವನು ಗುಡಿಸಲಿಗೆ ತಲುಪುವಾಗ ಮೊದಲ ಹನಿಗಳು ಬೀಳುತ್ತಿದ್ದವು. ಮುದುಕ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದ. ಅತ್ತ ಇತ್ತ ಓರೆಮಾಡಿ ನೋಡಿದ. ಫೋಟೋಗ್ರಾಫರಿಗೆ ಭಯವಾಯಿತು, ತಡವಾಯಿತೇನೋ, ಕಣ್ಣು ಆಗಲೇ ಹೋಗಿದೆಯೇನೋ ಎಂದು. ಆಮೇಲೆ ಮುದುಕ ಫೋಟೋದ ಮೇಲೆ, ಹುಬ್ಬಿನ ಪಕ್ಕ, ಬೆರಳಿಟ್ಟ.

"ಈ ಕಲೆ ಯಾವಾಗಿನದು?"

ಒಲೆಯ ಮುಂದಿದ್ದ ಅಜ್ಜಿ, ತಾನು ಮದುವೆಯಾಗಿ ಈ ಮನೆಗೆ ಬರುವಾಗಲೇ ಅದು ಇತ್ತು ಎಂದಳು. ಹೇಳುವಾಗ ಅವಳ ದನಿ ಯಾವತ್ತಿನಂತೆ ಇರಲಿಲ್ಲ. ಎದ್ದು ಬಂದು ಗಂಡನ ಎದುರಿಗೆ ಕುಳಿತಳು. ಮುದುಕ ಫೋಟೋವನ್ನು ಕೆಳಗಿಟ್ಟು, ಕೈಚಾಚಿ, ಬಾಗಿ, ಅವಳ ಮುಖಕ್ಕೆ ತನ್ನ ಮುಖವನ್ನು ಹತ್ತಿರ ತಂದ. ಹೊರಗೆ ಬದುವಿನ ಮೇಲೆ ಜನ ಓಡಾಡುತ್ತಿದ್ದರು. ಗುಡಿಸಲಿನ ಬಾಗಿಲು ತೆರೆದೇ ಇತ್ತು. ಅಜ್ಜಿ ಮುಖ ತಿರುಗಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಬೆಟ್ಟದ ಕೆಳಗಿನ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಪಡಸಾಲೆಯಲ್ಲಿ ಅಣ್ಣ ಎದ್ದು ಚಾಪೆ ಸುತ್ತಿಡುತ್ತಿದ್ದ. ರೇವಣ ಕೈಮುಗಿದ. ಅವನ ಕಣ್ಣು ತುಂಬಿತ್ತು.

"ತಿಳಿಯಿತು ಬುದ್ಧಿ," ಎಂದ. "ಬದುವಿನ ಮೇಲೆ ನಿಂತು ತಮ್ಮ ಬೆಳಕನ್ನು ಅಳೆದು, ಅದೇ ಅಳತೆಯಲ್ಲಿ ನಮ್ಮಣ್ಣನನ್ನು ನೋಡಿದೆ. ಅವನ ಮುಖ ನನಗೆ ಕಾಣಲಿಲ್ಲ. ಹೋಗಿ ಅವನ ಜೊತೆ ಬಸ್ಸು ಹತ್ತುತ್ತೇನೆ. ತಮ್ಮೊಬ್ಬರನ್ನಾದರೂ ಇಷ್ಟು ದಿನ ಸರಿಯಾಗಿ ಕಂಡೆನಲ್ಲ, ಅದೊಂದು ಸಮಾಧಾನ."

ಅವನು ಹೊಸ್ತಿಲು ದಾಟುತ್ತಿದ್ದಾಗ ಗುರುಗಳು ಹಿಂದಿನಿಂದ ಕೇಳಿದ್ದು ಒಂದೇ ಮಾತು.

"ಮುಖ ಕಾಣದ ಆ ಮೊದಲ ಫೋಟೋದಲ್ಲಿ ಉಪ್ಪು ಬೆಳ್ಳಗಿತ್ತೇ, ಮಗೂ?"